ಹೆಪ್ಪು

ಮೊದಲ ಮೂರು ಮೀನು ಸತ್ತದ್ದು
ಕೊಳಕು ನೀರಿನಲ್ಲಲ್ಲ.
ಕನ್ನಡಿಯಂಥ ನೀರು. ಅದರ ಮೂಲಕ
ಆಚೆ ಗೋಡೆಯ ಕ್ಯಾಲೆಂಡರಿನ ರಾಹುಕಾಲ ಓದಬಹುದಿತ್ತು.

ದುರ್ಗಿಗುಡಿಯ ಮುನೀರ್ ಸಾಹೇಬರು
ಕವರಿನಲ್ಲಿ ಒಯ್ದ ಹೆಣಗಳನ್ನು ನೋಡಲಿಲ್ಲ,
ನನ್ನನ್ನು ನೋಡಿದರು.
"ತೊಟ್ಟಿ ತುಂಬಿ ಎಷ್ಟು ದಿನ ಆಯ್ತು ಮೇಡಂ?"
ನಾಲ್ಕು.
"ನೀರು ಇನ್ನೂ ಎಳೇದು. ಹಣ್ಣಾಗಕ್ಕೆ ಬಿಡ್ಬೇಕು."

ನಾಚಿಕೆಯಾಯಿತು.
ನನ್ನ ಕೆಲಸವೇ ವಾರಕ್ಕೆ ಆರು ದಿನ
ಡಯಾಲಿಸಿಸ್ ಕೋಣೆಯಲ್ಲಿ
ಜನರ ರಕ್ತದಿಂದ ಅವರದೇ ವಿಷ ತೆಗೆಯುವುದು.
ನೋಡಲು ಎಲ್ಲರದೂ ಒಂದೇ ಕೆಂಪು.
ಉಂಡದ್ದು, ನಡೆದದ್ದು, ಸುಮ್ಮನೆ ಬದುಕಿದ್ದು ಕೂಡ
ಸಾಲದ ಹಾಗೆ ಒಳಗೆ ಕೂಡಿರುತ್ತದೆ.
ಮೀನಿಗೂ ಹಾಗೇ, ಕಿವಿರಿನಿಂದ ಉಸಿರಿನೊಟ್ಟಿಗೇ
ಅಮೋನಿಯ ಬಿಡುತ್ತದೆಂದು
ಯಾಕೆ ಹೊಳೆಯಲಿಲ್ಲ ನನಗೆ?

ಅವರು ತಮ್ಮ ಹಳೇ ತೊಟ್ಟಿಯ ಫಿಲ್ಟರಿನಿಂದ
ಕಂದು ಲೋಳೆ ಹಿಡಿದ ಸ್ಪಂಜೆತ್ತಿ
ಕತ್ತರಿಯಲ್ಲಿ ಅಂಗೈಯಗಲ ಕತ್ತರಿಸಿದರು.
"ಇದು ಕೊಳೆ ಅಲ್ಲ, ಹೆಪ್ಪು.
ನಮ್ಮ ಪಕ್ಕದ್ಮನೆ ಗೌರಜ್ಜಿ ದೀಪ ಹಚ್ಚಿದ ಮೇಲೆ
ಯಾರಿಗೂ ಹೆಪ್ಪು ಕೊಡಲ್ಲ.
ನಾನು ಅಂಗಡಿ ಬಾಗಿಲು ಎಳೆಯೋ ತನ್ಕ ಕೊಡ್ತೀನಿ."

ಮನೆಗೆ ಬಂದೆ. ಆಸ್ಪತ್ರೆಯ ಕೈ.
ನಲ್ಲಿ ತಿರುಗಿಸಿ ಚೆನ್ನಾಗಿ ತೊಳೆದುಬಿಟ್ಟೆ.
ಸ್ಪಂಜು ಹೊಸದರಂತೆ ಹಳದಿಯಾಯಿತು.
ಎಷ್ಟು ಕೋಟಿ ಜೀವವೋ,
ನಗರಸಭೆಯ ಕ್ಲೋರಿನ್ನಿಗೆ ಒಂದೇ ನಿಮಿಷ ಸಾಕಾಯಿತು.

ಮರುದಿನ ಸಂಜೆ ಮತ್ತೆ ಹೋದೆ.
ಅವರು ಏನೂ ಕೇಳಲಿಲ್ಲ,
ಕತ್ತರಿ ತೆಗೆದುಕೊಂಡರು.

ಆಮೇಲೆ ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಆಹಾರ.
ತಿನ್ನುವವರಿಲ್ಲದ ಎಡೆ;
ಕೊಳೆಯಲೆಂದೇ ಇಡುವುದು.
ಎದುರುಮನೆ ಸುಶೀಲಕ್ಕ ಕಿಟಕಿಯಲ್ಲಿ ಇಣುಕಿ
"ಯಾರಿಗೇ ಅದು?" ಎಂದರು.
ಬರುವವರಿಗೆ, ಎಂದೆ.

ಪಾಳಿ ಮುಗಿಸಿ ಬಂದು ಗಾಜಿನ ನಳಿಗೆಯಲ್ಲಿ
ಐದು ಮಿಲಿ ನೀರು. ಎಂಟು ಹನಿ, ಮತ್ತೆ ಎಂಟು ಹನಿ.
ಅಮೋನಿಯ: ಮಾವಿನೆಲೆ ಹಸಿರು.
ಹದಿನೈದು ದಿನಕ್ಕೆ ಆ ಹಸಿರು ಇಳಿದು ನಿಂಬೆಹಳದಿಗೆ ಬಂದಾಗ
ಗೆದ್ದೆ ಅಂದುಕೊಂಡೆ.
ನೈಟ್ರೈಟಿನ ನಳಿಗೆ ಅಷ್ಟರಲ್ಲಿ
ನೇರಳೆಹಣ್ಣು ತಿಂದ ನಾಲಿಗೆ.
ಒಂದು ವಿಷ ತಿಂದ ಜೀವ ಇನ್ನೊಂದು ವಿಷ ಬಿಟ್ಟಿತ್ತು.
ಅದನ್ನು ತಿನ್ನುವುದು ಬೇರೆಯೇ ಜೀವ,
ಸಾವಕಾಶದ ಕುಲ.
ಆ ವಾರ ಆಷಾಢದ ಥಂಡಿಗೆ
ಅಡುಗೆಮನೆಯ ಮೊಸರೂ ಬೆಳಿಗ್ಗೆ ಹಾಲಾಗಿಯೇ ಇರುತ್ತಿತ್ತು.

ಮಂಗಳವಾರ, ಶುಕ್ರವಾರ ಆಯನೂರಿನ ಬಸ್ಸಿಳಿದು ಬರುವ
ಹಾಲೇಶಪ್ಪನವರಿಗೆ ಸೂಜಿ ಚುಚ್ಚುವಾಗ
ಮಾತಿಗೆಂದು ಹೇಳಿದ್ದೆ ಇದನ್ನೆಲ್ಲ.
ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಕೊಂಡು ಮಲಗುವವರು
ಕೇಳುವುದು ತಮ್ಮ ರಿಪೋರ್ಟನ್ನಲ್ಲ.
"ಬಣ್ಣ ಇಳೀತಾ?"
ಇಲ್ಲ.
"ಇಳೀತದೆ ಬಿಡಿ. ನರ್ಸರಿಯಾಗೆ ಹಸಿಗೊಬ್ಬರ ಹಾಕಿ
ನೂರು ಸಸಿ ಸುಟ್ಟೋನು ನಾನು.
ಕಳೀಬೇಕು ಅದು. ಕಳಿಯೋದಕ್ಕೆ ನಾವು ಏನೂ ಮಾಡಂಗಿಲ್ಲ,
ಮುಟ್ಟದೆ ಇರಬೇಕು, ಅಷ್ಟೇ ಕಷ್ಟ."

ಮೂವತ್ತೆಂಟನೇ ದಿನ ತಿಳಿನೀಲಿ.
ಮೂರನೇ ನಳಿಗೆ ಕಿತ್ತಳೆ: ನೈಟ್ರೇಟು,
ವಿಷ ಹೋಗಿ ಗೊಬ್ಬರವಾದದ್ದು.
ಅರ್ಧ ನೀರು ಮೊಗೆದು
ಒಡಕು ಬಕೆಟ್ಟಿನ ಬಸಳೆಗೆ ಸುರಿದೆ.
ಅದಕ್ಕೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಎರಡೇ ಮೀನಾ?" ಎಂದರು ಹಾಲೇಶಪ್ಪ.
ಈಗಿನ ಮಟ್ಟಿಗೆ ಎರಡನ್ನು ಹೊರುವಷ್ಟೇ ಶಕ್ತಿ ಆ ನೀರಿಗೆ, ಎಂದೆ.
ಅವರು ಯೋಚಿಸಿದರು.
ಯಂತ್ರ ಕೂಗಿತು; ನಳಿಕೆ ಮಡಚಿತ್ತು, ಬಿಡಿಸಿದೆ.

ಈಗಲೂ ಪಾಳಿ ಮುಗಿದಾಗ
ಮೊಣಕೈವರೆಗೆ ನೊರೆ, ನಿಯಮದಂತೆ.
ಮನೆಗೆ ಬಂದು ತೊಟ್ಟಿಗೆ ಕೈ ಇಳಿಸುವ ಮುಂಚೆ
ಬೆರಳು ಮೂಸಿ ನೋಡುತ್ತೇನೆ,
ಸೋಪು ಇನ್ನೂ ಉಳಿದಿದೆಯಾ ಎಂದು.